ನಾಟಕ ವಿದ್ಯಾರ್ಥಿಯೂ ಗೊಂಬೆಯ ಪಾಠವೂ

ನಾಟಕವನ್ನು ಶಾಲೆಗೆ ಸೇರಿ ಕಲಿಯಬಹುದೆಂಬ ಮಾತು ಕನ್ನಡ ನಾಡಿಗೆ ಬಹಳ ಹಳೆಯದಲ್ಲ. ಕಂಪನಿ ನಾಟಕಗಳು ಮೆರೆಯುತ್ತಿದ್ದ ಕಾಲದಲ್ಲಿ ಹುಡುಗನೊಬ್ಬನು ಮನೆ ಬಿಟ್ಟು ಬಂದು ಬಾಲಪಾತ್ರಕ್ಕೆ ಸೇರಿ, ಪರದೆಯ ಹಗ್ಗ ಎಳೆದು, ಬಣ್ಣ ಅರೆದು, ಊರೂರು ತಿರುಗಿ, ಹತ್ತು ಹದಿನೈದು ವರ್ಷಗಳಲ್ಲಿ ತಾನೇ ನಟನಾಗುತ್ತಿದ್ದನು. ಅವನಿಗೆ ಅದೇ ಪಾಠಶಾಲೆ, ಅದೇ ಪರೀಕ್ಷೆ. ದಿಲ್ಲಿಯಲ್ಲಿ 1959ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯೂ, ಮಲೆನಾಡಿನ ಹೆಗ್ಗೋಡಿನಲ್ಲಿ 1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರವೂ ಸ್ಥಾಪಿತವಾದ ಮೇಲೆ ಬೇರೊಂದು ಬಗೆಯ ವಿದ್ಯಾರ್ಥಿಯು ಹುಟ್ಟಿಕೊಂಡಿದ್ದಾನೆ. ಅಭಿನಯದೊಡನೆ ರಂಗಸಜ್ಜಿಕೆ, ಬೆಳಕು, ವೇಷಭೂಷಣಗಳೂ ಅವನಿಗೆ ಬೇರೆ ಬೇರೆ ಪಾಠಗಳು. ರಟ್ಟನ್ನು ಕತ್ತರಿಸಿ ಅಂಗೈಯಗಲದ ರಂಗಸ್ಥಳವನ್ನು ಕಟ್ಟಿ, ಅದರೊಳಗೆ ಕಡ್ಡಿಯ ಮನುಷ್ಯರನ್ನು ನಿಲ್ಲಿಸಿ, ಅವನು ತನ್ನ ನಾಟಕವನ್ನು ಮೊದಲು ಕಣ್ಣಿನಿಂದ ಕಲ್ಪಿಸಿಕೊಳ್ಳುತ್ತಾನೆ. ಇಂತಹವನು ಒಂದು ದಿನ ತನ್ನ ನಾಡಿನ ಹಳೆಯ ಆಟಗಳ ಕಡೆಗೆ ತಿರುಗಿ ನೋಡುವುದು ಸಹಜವಾಗಿದೆ. ತೊಗಲು ಗೊಂಬೆಯ ಮೇಳವನ್ನು ಹುಡುಕಿಕೊಂಡು ಹೋಗುತ್ತಾನೆ; ಅಜ್ಜಿಯರ ಬಾಯಿಂದ ಕಥೆ ಬರೆದುಕೊಳ್ಳುತ್ತಾನೆ. ಹೋಗುವುದರಲ್ಲಿ ತಪ್ಪೇನೂ ಇಲ್ಲ. ಹಿಂದಿರುಗುವಾಗ ಏನನ್ನು ಹೊತ್ತು ತರುತ್ತಾನೆಂಬುದೇ ವಿಚಾರಿಸತಕ್ಕ ಸಂಗತಿ.

ಬಹುಮಟ್ಟಿಗೆ ಅವನು ತರುವುದು ಗೊಂಬೆಯ ರೂಪವನ್ನು. ಅದರ ನಿಯಮವು ಅಲ್ಲಿಯೇ ಉಳಿದುಹೋಗುತ್ತದೆ. ರಂಗದ ಇಕ್ಕೆಲಗಳಲ್ಲಿ ದೊಡ್ಡ ದೊಡ್ಡ ತೊಗಲು ಗೊಂಬೆಗಳ ನಕಲು ತೂಗುತ್ತವೆ. ಮುಂಡಾಸಿನ ಭಾಗವತನೊಬ್ಬನು ಬಂದು ಗಣಪತಿಯನ್ನು ಸ್ತುತಿಸುತ್ತಾನೆ. ಅನಂತರ ಆಡುವ ನಾಟಕಕ್ಕೂ ಆ ಗೊಂಬೆಗಳಿಗೂ, ಮದುವೆಯ ಮನೆಯ ಮಾವಿನ ತೋರಣಕ್ಕೂ ಒಳಗೆ ನಡೆಯುವ ಬೀಗರ ಜಗಳಕ್ಕೂ ಇರುವಷ್ಟೇ ಸಂಬಂಧ. ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ. ಆದರೆ ಗೊಂಬೆಯನ್ನು ತೆಗೆದುಹಾಕಿದರೂ ನಾಟಕಕ್ಕೆ ಏನೂ ಊನವಾಗುವುದಿಲ್ಲವೆಂದ ಮೇಲೆ ಅದನ್ನು ತಂದುದೇತಕ್ಕೆ?

ಗೊಂಬೆಗೆ ನಿಯಮವುಂಟೆ ಎಂದು ಕೇಳುವವರು ತೊಗಲು ಗೊಂಬೆಯಾಟವನ್ನು ನಿಧಾನವಾಗಿ ನೋಡಬೇಕು. ಆಡಿನ ಚರ್ಮವನ್ನು ಹದಮಾಡಿ, ಬೆಳಕು ತೂರುವಷ್ಟು ತೆಳುವಾಗಿಸಿ, ಆಭರಣ ವಸ್ತ್ರಗಳ ಅಂಚಿಗೆ ಸಣ್ಣ ಸಣ್ಣ ರಂಧ್ರಗಳನ್ನು ಕೊರೆದು, ಎರಡು ಮುಖಕ್ಕೂ ಬಣ್ಣ ಹಚ್ಚಿದ ಗೊಂಬೆಯಿದು. ಬಿಳಿಯ ಪರದೆಯ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಗೊಂಬೆ. ಕರ್ನಾಟಕದ ಗೊಂಬೆಗಳಲ್ಲಿ ಗಾತ್ರವು ಪದವಿಯನ್ನು ಹೇಳುತ್ತದೆ: ಅರಸನೂ ದೇವರೂ ದೊಡ್ಡವರು, ಸೇವಕನೂ ಸಾಮಾನ್ಯನೂ ಚಿಕ್ಕವರು. ಯುರೋಪಿನ ಚಿತ್ರಪರದೆಯನ್ನು ನೋಡಿ ಕಲಿತ ಕಣ್ಣಿಗೆ ಚಿಕ್ಕದೆಂದರೆ ದೂರದ್ದು, ದೊಡ್ಡದೆಂದರೆ ಹತ್ತಿರದ್ದು. ತೊಗಲು ಗೊಂಬೆಯ ಪರದೆಯಲ್ಲಿ ದೂರವೆಂಬುದೇ ಇಲ್ಲ. ಎಲ್ಲರೂ ಒಂದೇ ಬಟ್ಟೆಗೆ ಅಂಟಿಕೊಂಡವರು. ಹೀಗೆ ರಾವಣನ ಸಭೆಯಲ್ಲಿ ಅಳತೆಯೊಂದರಿಂದಲೇ ಅಧಿಕಾರದ ಲೆಕ್ಕವೆಲ್ಲ ಕಣ್ಣಿಗೆ ಬೀಳುತ್ತದೆ. ಈ ಒಂದು ಪಾಠವನ್ನು ಕಲಿತ ವಿದ್ಯಾರ್ಥಿಯು ತನ್ನ ರಂಗದ ಮೇಲೆ ಸಿಂಹಾಸನವನ್ನು ಎಲ್ಲಿಡಬೇಕೆಂದು ಯೋಚಿಸುವ ರೀತಿಯೇ ಬದಲಾಗುವುದು. ಇನ್ನು ದೀಪ. ಎಣ್ಣೆಯ ದೀಪವು ಗಾಳಿಗೆ ಹೊಯ್ದಾಡಿದಾಗ ಆಡಿಸುವವನ ಕೈ ಸುಮ್ಮನಿದ್ದರೂ ಗೊಂಬೆಯು ಉಸಿರಾಡುತ್ತದೆ. ವಿದ್ಯುದ್ದೀಪವು ಬಂದಾಗ ಬೆಳಕು ಹೆಚ್ಚಿತು, ಉಸಿರು ನಿಂತಿತು. ಗೊಂಬೆಗೆ ಕನ್ನಡಿ ಹಾಕಿಸಿ ಗೋಡೆಗೆ ತೂಗುಹಾಕಿದಾಗಲಂತೂ ಬಣ್ಣವೊಂದೇ ಉಳಿಯಿತು.

ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗಳ ಮಾತು ಬೇರೆ. ಇವು ಯಕ್ಷಗಾನದ ವೇಷವನ್ನೇ ತೊಟ್ಟ ಮರದ ಗೊಂಬೆಗಳು. ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲುಳ್ಳವು. ಐದರಿಂದ ಏಳು ಸೂತ್ರಗಳಿಂದ ನಡೆಯುತ್ತವೆ. ಕಷ್ಟವಾದ ಕುಣಿತಗಳಿಗೆ ಒಂದೇ ಗೊಂಬೆಗೆ ಇಬ್ಬರು ಮೂವರು ಆಡಿಸುವವರು ಬೇಕಾಗುವುದೂ ಉಂಟು. ಇಲ್ಲಿ ಎರಡು ವಿಷಯಗಳನ್ನು ಗಮನಿಸತಕ್ಕದ್ದು. ಒಂದು, ಗೊಂಬೆಯ ಭಾರವು ನೆಲದ ಮೇಲಿಲ್ಲ, ಮೇಲಿನ ಕೈಯಲ್ಲಿದೆ. ಅದರ ಪಾದವು ನೆಲವನ್ನು ಮುಟ್ಟುವುದು ಮರ್ಯಾದೆಗಾಗಿ. ಎರಡು, ಮಾತು ಗೊಂಬೆಯದಲ್ಲ. ಭಾಗವತನು ಹಾಡುತ್ತಾನೆ, ಅರ್ಥ ಹೇಳುವವನು ಮಾತನಾಡುತ್ತಾನೆ, ಗೊಂಬೆಯು ಆ ಮಾತನ್ನು ತನ್ನ ಮೈಯಿಂದ ಒಪ್ಪಿಕೊಳ್ಳುತ್ತದೆ. ಮೊದಲನೆಯ ವಿಷಯವನ್ನು ಜರ್ಮನಿಯ ಕ್ಲೈಸ್ಟನು 1810ರಷ್ಟು ಹಿಂದೆಯೇ ಗುರುತಿಸಿ, ನರ್ತಕರಿಗಿಂತ ಗೊಂಬೆಗೆ ಹೆಚ್ಚು ಲಾಲಿತ್ಯವುಂಟೆಂದು ವಾದಿಸಿದ್ದನು. ಇಂಗ್ಲೆಂಡಿನ ಗಾರ್ಡನ್ ಕ್ರೇಗನು 1908ರಲ್ಲಿ ಇನ್ನೂ ಮುಂದಕ್ಕೆ ಹೋಗಿ, ನಟನ ಸ್ಥಾನಕ್ಕೆ ಮಹಾಗೊಂಬೆಯೊಂದು ಬರಬೇಕೆಂದು ಬರೆದು ನಟವರ್ಗದ ಕೋಪಕ್ಕೆ ಪಾತ್ರನಾದನು. ಸಂಸ್ಕೃತ ನಾಟಕದ ಸೂತ್ರಧಾರನು ಮೂಲದಲ್ಲಿ ಗೊಂಬೆಯ ದಾರ ಹಿಡಿದವನೇ ಇರಬೇಕೆಂದು ಪಿಶೆಲ್ ಪಂಡಿತನು 1900ರಲ್ಲಿ ಊಹಿಸಿದನು. ಆ ಊಹೆಯನ್ನು ಎಲ್ಲ ವಿದ್ವಾಂಸರೂ ಒಪ್ಪಲಿಲ್ಲ. ಒಪ್ಪದಿದ್ದರೂ, ಪದವನ್ನು ಕೇಳಿದಾಗಲೆಲ್ಲ ದಾರವು ಕಣ್ಣಿಗೆ ಕಟ್ಟದೆ ಇರುವುದಿಲ್ಲ.

ಈ ಪಾಠಗಳು ಕನ್ನಡ ರಂಗಭೂಮಿಯಲ್ಲಿ ಫಲಿಸಿದುದುಂಟೆ ಎಂದು ನೋಡುವುದಕ್ಕೆ ಗಿರೀಶ ಕಾರ್ನಾಡರ ‘ಹಯವದನ’ಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. 1970ರ ದಶಕದ ಮೊದಲಲ್ಲಿ ಬಂದ ಈ ನಾಟಕವನ್ನು ಹಿಂದಿ ಕನ್ನಡಗಳೆರಡರಲ್ಲಿಯೂ ರಂಗಕ್ಕೆ ತಂದು ಪ್ರಸಿದ್ಧಿಗೊಳಿಸಿದವರಲ್ಲಿ ಬಿ. ವಿ. ಕಾರಂತರು ಮುಖ್ಯರು. ಕಾರಂತರ ವಿದ್ಯಾರ್ಥಿದೆಸೆಯನ್ನು ನೆನೆಯುವುದು ಇಲ್ಲಿ ಅಪ್ರಕೃತವಲ್ಲ. ದಕ್ಷಿಣ ಕನ್ನಡದ ಮಂಚಿಯ ಹುಡುಗನು ಯಕ್ಷಗಾನದ ಚೆಂಡೆಯನ್ನು ಕೇಳುತ್ತ ಬೆಳೆದು, ಗುಬ್ಬಿ ಕಂಪನಿಯನ್ನು ಸೇರಿ, ವೀರಣ್ಣನವರ ಆಶ್ರಯದಿಂದ ಕಾಶಿಗೆ ಹೋಗಿ ಓದಿ, 1962ರಲ್ಲಿ ದಿಲ್ಲಿಯ ನಾಟಕ ಶಾಲೆಯಿಂದ ಹೊರಬಂದನು. ಬಯಲಾಟ, ಕಂಪನಿ, ಶಾಲೆ ಮೂರೂ ಒಬ್ಬ ವಿದ್ಯಾರ್ಥಿಯಲ್ಲಿ ಒಂದರ ಮೇಲೊಂದು ಕುಳಿತವು. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಕಂಪನಿಯಲ್ಲಿ ಬೆಳೆದವರು, ಕುದುರೆಯ ತಲೆಯ ಮನುಷ್ಯನೇ ಹೆಸರಿಗೆ ಕಾರಣನಾದ ನಾಟಕವನ್ನು ಬರಿಯ ಮುಖವಾಡದಿಂದ ಸಾಗಿಸಿದರೆಂಬುದು ಗಮನಾರ್ಹವಾಗಿದೆ.

ಕಥೆಯು ವಾಚಕರಿಗೆ ತಿಳಿದುದೇ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ಸಂಸ್ಕೃತಕ್ಕೆ ತಂದ ಕಥಾಸರಿತ್ಸಾಗರದೊಳಗೆ ಬೇತಾಳನು ಹೇಳುವ ಕಥೆ ಅದು. ದೇವಿಯ ಗುಡಿಯಲ್ಲಿ ಒಬ್ಬಳ ಗಂಡನೂ ಅಣ್ಣನೂ ತಲೆ ಕತ್ತರಿಸಿಕೊಳ್ಳುತ್ತಾರೆ, ದೇವಿಯ ವರದಿಂದ ತಲೆಗಳನ್ನು ಜೋಡಿಸುವ ಆತುರದಲ್ಲಿ ಆಕೆಯು ಅದಲುಬದಲು ಮಾಡಿಬಿಡುತ್ತಾಳೆ, ಗಂಡನಾರು? ತಲೆಯೇ ಪ್ರಧಾನವೆಂದು ರಾಜನು ಉತ್ತರ ಕೊಟ್ಟೊಡನೆ ಬೇತಾಳನಿಗೆ ಕಥೆ ಮುಗಿಯಿತು. ಜರ್ಮನಿಯ ಥಾಮಸ್ ಮಾನ್ 1940ರಲ್ಲಿ ಇದನ್ನೆತ್ತಿಕೊಂಡು, ಅಣ್ಣನ ಬದಲು ಗೆಳೆಯನನ್ನಿಟ್ಟು, ಉತ್ತರವನ್ನು ಅಲ್ಲಿಗೇ ನಿಲ್ಲಗೊಡದೆ, ತಲೆಯು ಹೊಸ ಮೈಯನ್ನು ಕ್ರಮೇಣ ತನ್ನಂತೆ ತಿದ್ದಿಕೊಳ್ಳುವ ಪರಿಯನ್ನು ಬರೆದನು. ಕಾರ್ನಾಡರು ಅಲ್ಲಿಂದ ಮುಂದುವರಿದವರು. 1984ರಲ್ಲಿ ವಿಜಯಾ ಮೆಹತಾ ಅವರು ಅಂದಿನ ಪೂರ್ವ ಜರ್ಮನಿಯ ವೈಮಾರಿನಲ್ಲಿ ‘ಹಯವದನ’ವನ್ನು ಆಡಿಸಿದಾಗ ಈ ಕಥೆಯು ಒಂದು ದೊಡ್ಡ ಸುತ್ತನ್ನು ಮುಗಿಸಿತೆನ್ನಬೇಕು.

ತಲೆಗಳ ಅದಲುಬದಲು ಗದ್ಯದಲ್ಲಿ ಬಹು ಕಷ್ಟದ ಕೆಲಸ. ಓದುವವನಿಗೆ ರಕ್ತವೂ ಕತ್ತೂ ನೆನಪಾಗುತ್ತವೆ. ಮಾನ್ ಮಹಾಶಯನು ಪುಟಗಟ್ಟಲೆ ಹಾಸ್ಯವನ್ನು ಹರಡಿ ಆ ಭೀಕರವನ್ನು ಮುಚ್ಚಬೇಕಾಯಿತು. ರಂಗದ ಮೇಲೆ, ಅದರಲ್ಲಿಯೂ ಮುಖವಾಡದ ರಂಗದ ಮೇಲೆ, ಅದು ಕ್ಷಣದ ಕೆಲಸವಾಗುತ್ತದೆ. ದೇವದತ್ತನದು ಬಿಳುಪಾದ ಮುಖವಾಡ, ಕಪಿಲನದು ಕಪ್ಪು. ಒಂದನ್ನು ತೆಗೆದು ಇನ್ನೊಬ್ಬನಿಗೆ ತೊಡಿಸಿದರಾಯಿತು. ಗೊಂಬೆ ಮಾಡುವವನ ಮನೆಯಲ್ಲಿ ಇದೇನೂ ಅದ್ಭುತವಲ್ಲ. ಅವನು ತಲೆಯನ್ನು ಬೇರೆ ಕೆತ್ತುತ್ತಾನೆ, ಮೈಯನ್ನು ಬೇರೆ ಮಾಡುತ್ತಾನೆ, ಆಮೇಲೆ ಕೂಡಿಸುತ್ತಾನೆ. ಮನುಷ್ಯರ ಲೋಕದಲ್ಲಿ ಘೋರವಾದುದು ಗೊಂಬೆಯ ಲೋಕದಲ್ಲಿ ದಿನದ ಕೆಲಸ. ಈ ಕಥೆಗೆ ಮುಖವಾಡವು ಹೊರಗಿನಿಂದ ಬಂದ ಶೃಂಗಾರವಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಮುಖವಾಡವಿಲ್ಲದೆ, ಬಣ್ಣ ಹಚ್ಚಿದ ನಿಜಮುಖಗಳಿಂದ ಆಡಿದರೆ ನಟರ ಕೌಶಲವು ಕಾಣಬಹುದು, ಕಥೆ ಕಾಣುವುದಿಲ್ಲ.

ತೆರೆಯ ವಿಚಾರವೂ ಹಾಗೆಯೇ. ಯಕ್ಷಗಾನದ ಒಡ್ಡೋಲಗದಲ್ಲಿ ಇಬ್ಬರು ಹಿಡಿದು ನಿಲ್ಲುವ ತೆರೆಯ ಮೇಲೆ ಕಿರೀಟ, ಕೆಳಗೆ ಗೆಜ್ಜೆ, ಇಷ್ಟೇ ಕಂಡು ಮಿಕ್ಕುದು ಬಚ್ಚಿಟ್ಟುಕೊಂಡಿರುವ ಹೊತ್ತಿನ ಸುಖವನ್ನು ಬಲ್ಲವರೇ ಬಲ್ಲರು. ಹಯವದನನ ಪ್ರವೇಶಕ್ಕೂ ಕಾಳಿಯ ದರ್ಶನಕ್ಕೂ ಇದೇ ತೆರೆ. ಬಂಡಿಯ ಪ್ರಯಾಣಕ್ಕೆ ಬಂಡಿಯಿಲ್ಲ. ಎತ್ತುಗಳನ್ನು ಹೊಡೆಯುವ ಕಪಿಲನ ಕೈಗಳೂ ಕುಳಿತವರ ಕುಲುಕಾಟವೂ ಸಾಕಾಗಿವೆ. ಕಟ್ಟಕಡೆಯಲ್ಲಿ ಪದ್ಮಿನಿಯು ಚಿತೆಯೇರುವಾಗ ಉರಿಯ ಚಿತ್ರವನ್ನು ಬರೆದ ತೆರೆಯೊಂದನ್ನು ಆಕೆಯ ಮುಂದೆ ಹಿಡಿದು ಮೆಲ್ಲಗೆ ಎತ್ತುತ್ತಾರೆ, ಬೆಂಕಿ ಏರುತ್ತದೆ. ಈ ಸ್ಥಳದಲ್ಲಿ ನಿಜವಾದ ಹೊಗೆಯನ್ನೂ ಕೆಂಪು ದೀಪವನ್ನೂ ಬಳಸಬೇಕೆಂಬ ಆಸೆಯು ಈಚಿನ ವಿದ್ಯಾರ್ಥಿಗೆ ಹುಟ್ಟುವುದು ಸ್ವಾಭಾವಿಕ. ಹುಟ್ಟಿದ ಆಸೆಯನ್ನು ಅವನು ಅದುಮಿಡಬೇಕು. ಹೊಗೆಯು ಬಂದೊಡನೆ ಅಲ್ಲಿ ಸುಡುವವಳೊಬ್ಬ ಹೆಂಗಸಾಗುತ್ತಾಳೆ. ಪ್ರೇಕ್ಷಕರು ಅಯ್ಯೋ ಎನ್ನುತ್ತಾರೆ. ಬರೆದ ಉರಿಯ ಎದುರು ಅವರು ಅಯ್ಯೋ ಎನ್ನಲಾರದೆ ಯೋಚಿಸಬೇಕಾಗುತ್ತದೆ: ಇಬ್ಬರಲ್ಲಿ ಯಾರೊಬ್ಬರಿಂದಲೂ ತುಂಬದ ಬಾಳಿಗೆ ಸಮಾಜವು ಕೊಟ್ಟಿರುವ ಏಕೈಕ ಗೌರವದ ಬಾಗಿಲು ಇದೇ ಅಲ್ಲವೆ, ಆ ಗೌರವವೂ ಬಟ್ಟೆಯ ಮೇಲೆ ಬರೆದುದೇ ಅಲ್ಲವೆ, ಎಂದು.

ಇಷ್ಟು ಹೊಗಳಿದ ಮೇಲೆ ಗೊಂಬೆಗಳ ಭಾಗಕ್ಕೆ ಬರಬೇಕು. ಎರಡನೆಯ ಅಂಕದಲ್ಲಿ ದೇವದತ್ತನು ಹುಟ್ಟಲಿರುವ ಮಗುವಿಗೆಂದು ಉಜ್ಜಯಿನಿಯ ಜಾತ್ರೆಯಿಂದ ಎರಡು ಗೊಂಬೆಗಳನ್ನು ತರುತ್ತಾನೆ. ಅವು ಮಾತನಾಡುತ್ತವೆ, ಮನೆಯವರ ಮೇಲೆ ಚಾಡಿ ಹೇಳುತ್ತವೆ, ತಮ್ಮತಮ್ಮಲ್ಲಿ ಕಚ್ಚಾಡುತ್ತವೆ. ಈ ಪಾತ್ರಗಳನ್ನು ಮಕ್ಕಳಿಂದ ಆಡಿಸುವುದುಂಟು. ವಿದ್ಯಾರ್ಥಿಯು ಎಡವುವುದು ಇಲ್ಲಿಯೇ. ಗೊಂಬೆಯೆಂದೊಡನೆ ಅವನಿಗೆ ಗೊಂಬೆಯಾಟವು ನೆನಪಾಗಿ, ಅವುಗಳಿಗೆ ಯಕ್ಷಗಾನದ ಕಿರೀಟ ಕಟ್ಟಿ, ಕೈಕಾಲುಗಳಿಗೆ ದಾರ ಬಿಗಿದು, ಬೆರಳುಗಳನ್ನು ಕೊಯ್ದು ಕೊಯ್ದು ಆಡಿಸಲು ಹವಣಿಸುತ್ತಾನೆ. ನಾಟಕವು ಕೇಳುವುದು ಇದಕ್ಕೆ ವಿರುದ್ಧವಾದುದನ್ನು. ಸೂತ್ರದ ಗೊಂಬೆಗೆ ಮಾತಿಲ್ಲ, ಮತ್ತೊಬ್ಬರ ಮಾತಿಗೆ ಅದು ಮೈ ಕೊಡುತ್ತದೆ. ಈ ಗೊಂಬೆಗಳಿಗೆ ಸ್ವಂತ ಮಾತುಂಟು, ಸ್ವಂತ ಮತ್ಸರವುಂಟು, ಇವನ್ನು ಆಡಿಸುವ ಕೈಯಿಲ್ಲ. ಆ ಮನೆಯಲ್ಲಿ ದಾರ ಕಟ್ಟಿಸಿಕೊಂಡವರು ಮೂವರು ಮನುಷ್ಯರು. ಅವರ ತಲೆಯೊಂದು ಕಡೆಗೆ, ಮೈಯೊಂದು ಕಡೆಗೆ ಎಳೆಯುತ್ತಿದೆ. ಅವರನ್ನು ಸುಮ್ಮನೆ ಮೂಲೆಯಲ್ಲಿ ಕುಳಿತು ನೋಡುವವು ಗೊಂಬೆಗಳು. ಗೊಂಬೆಗೆ ದಾರ ಕಟ್ಟಿದ ಸಜ್ಜಿಕೆಯು ಈ ವ್ಯಂಗ್ಯದ ಕತ್ತನ್ನು ಹಿಸುಕಿದಂತೆ.

ಹಾಗೆಂದು ಕವಿಯ ಕಡೆಗೂ ತಪ್ಪಿಲ್ಲವೆನ್ನಲಾಗದು. ಗೊಂಬೆಯು ಅರಿಯಬಲ್ಲುದು ತನ್ನನ್ನು ಹಿಡಿದ ಕೈಯನ್ನು ಮಾತ್ರ. ತಂದಾಗ ಕೂಲಿಯವನಂತೆ ಒರಟಾಗಿದ್ದ ದೇವದತ್ತನ ಅಂಗೈಗಳು ದಿನಕಳೆದಂತೆ ಮೆತ್ತಗಾಗುತ್ತಿವೆಯೆಂದು ಗೊಂಬೆಗಳು ಹೇಳುವ ಸ್ಥಳವು ಈ ನಾಟಕದ ಅತ್ಯುತ್ತಮ ಭಾಗಗಳಲ್ಲೊಂದು. ಕಪಿಲನ ಮೈ ದೇವದತ್ತನ ತಲೆಗೆ ಸೋಲುತ್ತಿರುವ ಸುದ್ದಿಯನ್ನು ಬೇರಾವ ಪಾತ್ರವೂ ಇಷ್ಟು ನಿಜವಾಗಿ ಹೇಳಲಾರದು. ಹೆಂಡತಿಯು ಹೇಳಿದರೆ ಅದು ದೂರಾದೀತು, ವೈದ್ಯನು ಹೇಳಿದರೆ ಶಾಸ್ತ್ರವಾದೀತು. ಆದರೆ ಮುಂದೆ ಅವೇ ಗೊಂಬೆಗಳು ಪದ್ಮಿನಿಯ ಕನಸಿನೊಳಗೆ ಇಣುಕಿ ಅಲ್ಲಿ ಬಂದವನಾರೆಂದು ವರದಿಮಾಡಲು ತೊಡಗುತ್ತವೆ. ಇಲ್ಲಿ ಸ್ಪರ್ಶದ ನಿಯಮವು ಮುರಿಯಿತು. ಕನಸನ್ನು ಕಾಣುವ ಗೊಂಬೆಯು ನಾಟಕಕಾರನಿಗೆ ಅನುಕೂಲವಾದ ದೂತನಷ್ಟೆ. ಆ ಕನಸನ್ನು ತೋರುವ ಭಾರವು ಪದ್ಮಿನಿಯ ಪಾತ್ರಧಾರಿಣಿಯ ಮೈಮೇಲೆ ಬಿದ್ದಿದ್ದರೆ ಒಳ್ಳೆಯದಿತ್ತು. ನಿದ್ರೆಯಲ್ಲಿ ಹೊರಳಿದ ಒಂದು ಕೈ ಅಷ್ಟು ಮಾತುಗಳಿಗೆ ಸಮನಾಗುತ್ತಿತ್ತು.

‘ನಾಗಮಂಡಲ’ದಲ್ಲಿ ಸಮಸ್ಯೆಯು ಬೇರೊಂದು ಬಗೆಯದು. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಕನ್ನಡ ಜನಪದ ಕಥೆಗಳನ್ನು ಹೆಣೆದು ಕಾರ್ನಾಡರು 1980ರ ದಶಕದ ಕೊನೆಗೆ ಇದನ್ನು ಬರೆದರು. ಹೇಳದೆ ಬಚ್ಚಿಟ್ಟ ಕಥೆಯು ಸೇಡು ತೀರಿಸಿಕೊಳ್ಳುವುದು, ರಾತ್ರಿ ಆರಿಸಿದ ದೀಪಗಳು ಊರ ಗುಡಿಯಲ್ಲಿ ಸೇರಿ ಮನೆಮನೆಯ ಸುದ್ದಿ ಮಾತಾಡಿಕೊಳ್ಳುವುದು, ಇವೆಲ್ಲ ಅಡುಗೆಮನೆಯ ಒಲೆಯ ಮುಂದೆ ಹುಟ್ಟಿದ ಕಲ್ಪನೆಗಳು. ದೀಪಗಳನ್ನು ಹೆಂಗಸರನ್ನಾಗಿ ಮಾಡಿ ರಂಗಕ್ಕೆ ಬಿಟ್ಟರೆ ಸಾಕು, ಕಥೆಯನ್ನು ಹೇಳುವವರಾರೆಂಬುದು ಬಾಯಿಬಿಡದೆ ತಿಳಿಯುತ್ತದೆ. ಕಷ್ಟವಿರುವುದು ನಾಗನಲ್ಲಿ. ಬಚ್ಚಲ ತೂಬಿನಿಂದ ನುಸುಳಿದ ಸರ್ಪವು ರಾಣಿಯ ಗಂಡನಾದ ಅಪ್ಪಣ್ಣನ ರೂಪವನ್ನೇ ತಾಳಬೇಕು. ಹಗಲಿನ ಗಂಡನೂ ಇರುಳಿನ ಗಂಡನೂ ಒಬ್ಬನೇ ನಟ. ಹಸುರು ಬೆಳಕು, ಹೆಡೆಯ ಆಕಾರದ ರುಮಾಲು, ಬುಸುಗುಟ್ಟುವ ಸದ್ದು ಮೊದಲಾದ ಉಪಾಯಗಳಿಂದ ನಾಗನನ್ನು ಗುರುತಿಸಿಕೊಡುವುದು ಪ್ರಯೋಗಕಾರರಿಗೆ ಸುಲಭವಾದ ದಾರಿ. ಹೀಗೆ ಗುರುತಿಸಿಕೊಟ್ಟೊಡನೆ ರಾಣಿಯು ದಡ್ಡಿಯಾಗಿ ಕಾಣುತ್ತಾಳೆ: ಎದುರಿನ ಆಸನದಲ್ಲಿ ಕುಳಿತವನಿಗೆ ಕಂಡುದು ಅವಳಿಗೇಕೆ ಕಾಣದು?

ತೊಗಲು ಗೊಂಬೆಯ ಪರದೆಯನ್ನು ಬಲ್ಲ ವಿದ್ಯಾರ್ಥಿಗೆ ಇದರ ಉತ್ತರವು ಸಿದ್ಧವಾಗಿಯೇ ಇದೆ. ಮೈಯನ್ನು ಬದಲಿಸದೆ ನೆರಳನ್ನು ಬದಲಿಸಬಹುದು. ಒಂದೇ ನಟನು, ಒಂದೇ ಉಡುಪಿನಲ್ಲಿ, ಹಗಲು ಬಂದಾಗ ಅವನ ನೆರಳು ಮನುಷ್ಯನದು. ಇರುಳು ಬಂದಾಗ ಹಿಂದಿನ ಬಟ್ಟೆಯ ಮೇಲೆ ಬಿದ್ದ ನೆರಳು ಹೆಡೆಯೆತ್ತುತ್ತದೆ, ರಾಣಿಯ ಬೆನ್ನು ಅತ್ತ ಕಡೆಗಿದೆ. ಆಗ ಅವಳ ಅಜ್ಞಾನವು ದಡ್ಡತನವಾಗುವುದಿಲ್ಲ. ತಿಳಿಯಲು ತಿರುಗಿ ನೋಡಬೇಕು, ತಿರುಗಿದರೆ ಸಿಕ್ಕ ಸುಖವು ಹೋಗುತ್ತದೆ, ಅವಳು ತಿರುಗುವುದಿಲ್ಲ. ಇಲ್ಲಿ ಗೊಂಬೆಯೊಂದೂ ಕಾಣಿಸದೆ ಗೊಂಬೆಯಾಟವು ಕೆಲಸಮಾಡಿದಂತಾಯಿತು.

ಇಂತಹ ಬುದ್ಧಿಯು ಪುಸ್ತಕದಿಂದ ಬರುವಂಥದಲ್ಲ, ಆಡಿಸುವವರ ಹಿಂದೆ ಕುಳಿತು ಬರಬೇಕು. ಕಿಳ್ಳೇಕ್ಯಾತರೆಂದೂ ಸಿಳ್ಳೇಕ್ಯಾತರೆಂದೂ ಕರೆಯಲ್ಪಡುವ ಈ ಜನರು ಗೊಂಬೆಯ ಪೆಟ್ಟಿಗೆಯನ್ನು ಹೊತ್ತು ಊರಿಂದೂರಿಗೆ ನಡೆದವರು. ಮಳೆ ಬಾರದಾಗ ಕರೆಯಿಸಿಕೊಂಡವರು, ಮಳೆ ಬಂದ ಮೇಲೆ ಊರ ಹೊರಗೆ ಉಳಿದವರು. ಅವರ ವಿದೂಷಕನಾದ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ರಾಮಾಯಣದ ನಡುವೆಯೇ ನುಗ್ಗಿ ಆ ಊರಿನ ಅಂದಿನ ಸುದ್ದಿಯನ್ನು ಎತ್ತಿ ಆಡುವರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಪದ್ಮಶ್ರೀ ಪ್ರಶಸ್ತಿಯು ದೊರೆತುದು ಸಂತೋಷದ ವಿಷಯ. ತಡವಾಯಿತೆಂದು ಹೇಳುವುದೂ ಅಷ್ಟೇ ನಿಜ. ರಂಗಶಾಲೆಗಳು ಇಂತಹವರನ್ನು ಎರಡು ದಿನದ ಶಿಬಿರಕ್ಕೆ ಕರೆದು, ಶಾಲು ಹೊದಿಸಿ, ಛಾಯಾಚಿತ್ರ ತೆಗೆದು ಕಳುಹಿಸುವುದುಂಟು. ಎರಡು ದಿನದಲ್ಲಿ ವಿದ್ಯಾರ್ಥಿಯು ಕಲಿಯಬಲ್ಲುದು ಗೊಂಬೆಯ ಅಂಚಿನ ಚಿತ್ತಾರವನ್ನಷ್ಟೆ. ಕೋಲನ್ನು ಎಷ್ಟು ವಾಲಿಸಿದರೆ ನೆರಳು ಪರದೆಯಿಂದ ಹಿಂಜರಿಯುತ್ತದೆ, ಯಾವ ಮಾತಿಗೆ ಕೈಯನ್ನು ಎತ್ತಬಾರದು ಎಂಬುದಕ್ಕೆ ಒಂದು ಮಳೆಗಾಲವಾದರೂ ಬೇಕು. ಶಾಲೆಯ ಪಾಠಪಟ್ಟಿಯಲ್ಲಿ ಒಂದು ಮಳೆಗಾಲದಷ್ಟು ಸ್ಥಳವಿಲ್ಲವೆನ್ನುವುದಾದರೆ ರಂಗದ ಪಕ್ಕದಲ್ಲಿ ತೂಗುವ ನಕಲು ಗೊಂಬೆಗಳನ್ನಾದರೂ ಇಳಿಸಿಬಿಡುವುದು ಮೇಲು.

‘ಹಯವದನ’ದ ಕೊನೆಯ ಭಾಗದಲ್ಲಿ ಒಂದು ಸಣ್ಣ ಸ್ಥಳವಿದೆ. ಹೆಂಡತಿಯನ್ನು ಹುಡುಕಿಕೊಂಡು ದೇವದತ್ತನು ಕಾಡಿಗೆ, ಕಪಿಲನ ಗುಡಿಸಲಿಗೆ ಬರುತ್ತಾನೆ. ಅವನ ಒಂದು ಕೈಯಲ್ಲಿ ಕತ್ತಿಯಿದೆ, ಇನ್ನೊಂದು ಕೈಯಲ್ಲಿ ಮಗುವಿಗಾಗಿ ತಂದ ಎರಡು ಬಟ್ಟೆಯ ಗೊಂಬೆಗಳಿವೆ. ಈ ಗೊಂಬೆಗಳು ಮಾತನಾಡುವುದಿಲ್ಲ. ಹೊಡೆದಾಟವು ಮುಗಿದು, ಇಬ್ಬರೂ ಸತ್ತು, ಉರಿಯ ತೆರೆಯು ಎದ್ದು ಇಳಿದ ಮೇಲೆ, ನಗುವನ್ನೇ ಅರಿಯದ ಬಾಲಕನೊಬ್ಬನು ಎರಡು ಗೊಂಬೆಗಳನ್ನು ಎದೆಗವಚಿಕೊಂಡು ರಂಗಕ್ಕೆ ಬರುತ್ತಾನೆ. ಯಾರು ಕಿತ್ತುಕೊಳ್ಳಹೋದರೂ ಬಿಡುವುದಿಲ್ಲ. ರಂಗಸಜ್ಜಿಕೆಯ ವಿದ್ಯಾರ್ಥಿಯು ಇಡೀ ನಾಟಕಕ್ಕೆ ಒಂದೇ ಒಂದು ವಸ್ತುವನ್ನು ತನ್ನ ಕೈಯಾರೆ ಮಾಡಬೇಕಾಗಿ ಬಂದರೆ ಮಾಡತಕ್ಕದ್ದು ಆ ಎರಡು ಗೊಂಬೆಗಳನ್ನು. ಅವು ಜಾತ್ರೆಯಲ್ಲಿ ಕೊಂಡಂತೆಯೇ ಇರಬೇಕು, ಹೊಲಿಗೆ ಒಂದು ಕಡೆ ಬಿಟ್ಟಿರಬೇಕು, ಮಗುವಿನ ಬೆವರಿನಿಂದ ಬಣ್ಣ ಮಾಸಿರಬೇಕು. ಕಡೆಯ ಸಾಲಿನಲ್ಲಿ ಕುಳಿತವನಿಗೂ ಹತ್ತಿ ಹೊರಗಿಣುಕುತ್ತಿರುವುದು ಕಾಣಬೇಕು.